ಬೋರಣ್ಣನವರು ಫ್ರಿಜ್ಜು ನಿಲ್ಲಿಸಿದ್ದು

ಚಿಕ್ಕಲಸಂದ್ರದ ಚರಿತ್ರೆಯನ್ನು ಮುಂದೆ ಯಾರಾದರೂ ಬರೆಯುವುದಾದರೆ, ೨೦೦೮ರ ಏಪ್ರಿಲ್ ತಿಂಗಳ ಒಂದು ಭಾನುವಾರವನ್ನು ಅವರು ಬಿಟ್ಟುಬಿಡಕೂಡದು. ಅಂದು ಬೆಳಗಿನ ಉಪ್ಪಿಟ್ಟು ಮುಗಿದು, ತಟ್ಟೆ ತೊಳೆಯಲು ಬಿದ್ದ ಮೇಲೆ, ಮೂರು ಮಹಡಿಗಳ ಮಾಲೀಕರಾದ ಬೋರಣ್ಣನವರು ಹೆಂಡತಿ ಮಂಗಮ್ಮ ಮತ್ತು ಮಗಳು ಸೌಮ್ಯ ಇವರ ಸಮಕ್ಷಮದಲ್ಲಿ ತಮ್ಮ ಮನೆಯ ಫ್ರಿಜ್ಜಿನ ಪ್ಲಗ್ಗನ್ನು ಗೋಡೆಯಿಂದ ಕಿತ್ತರು. ಕಿತ್ತು, ವೈರನ್ನು ಸುರುಳಿ ಸುತ್ತಿ, ಫ್ರಿಜ್ಜಿನ ತಲೆಯ ಮೇಲಿಟ್ಟರು. ಫ್ರಿಜ್ಜು ಗುಂಯ್‌ಗುಡುವುದನ್ನು ನಿಲ್ಲಿಸಿತ್ತು.

"ಇವತ್ತಿಂದ ಈ ಮನೇಲಿ ಫ್ರಿಜ್ ಇಲ್ಲ" ಎಂದರು ಬೋರಣ್ಣ.

"ಇಲ್ಲೇ ನಿಂತಿದೆಯಲ್ಲ" ಎಂದರು ಮಂಗಮ್ಮ.

"ನಿಂತಿರ್ಲಿ. ಕರೆಂಟ್ ಕೊಡಂಗಿಲ್ಲ. ಭೂಮಿ ಬಿಸಿ ಆಗ್ತಾ ಇದೆ ಕಣೇ."

"ಏಪ್ರಿಲ್ ಅಲ್ವಾ? ಆಗುತ್ತೆ."

ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದ ಸೌಮ್ಯ ನಕ್ಕಳು. ಬೋರಣ್ಣನವರು ನಗಲಿಲ್ಲ. ಇದೇ ಮಾತನ್ನು ಹೈಸ್ಕೂಲಿನ ಹುಡುಗರು ಕೇಳಿದಾಗ ಅವರು ತಾಳ್ಮೆಯಿಂದ, ಒಂದು ವರ್ಷದ ಬೇಸಿಗೆ ಬೇರೆ, ಮೂವತ್ತು ವರ್ಷದ ಸರಾಸರಿ ಬೇರೆ ಎಂದು ವಿವರಿಸುತ್ತಿದ್ದರು. ಹೆಂಡತಿಗೆ ವಿವರಿಸುವ ಅಭ್ಯಾಸ ಅವರಿಗೆ ಮೊದಲಿನಿಂದಲೂ ಇರಲಿಲ್ಲ.

ಬೋರಣ್ಣನವರು ಈಗ ಕಟ್ಟಡ ನಿಂತಿರುವ ನೆಲದಲ್ಲೇ ಒಂದು ಕಾಲಕ್ಕೆ ರಾಗಿ, ಅವರೆ ಬೆಳೆದವರು. ಜೊತೆಗೆ ಕಾರ್ಖಾನೆಯ ಕೆಲಸವೂ ಇತ್ತು. ನೆಲ ಲೇಔಟಾಯಿತು, ಕಾರ್ಖಾನೆ ಅವರನ್ನು ವಯಸ್ಸಿಗೆ ಮೊದಲೇ ಗೌರವಪೂರ್ವಕವಾಗಿ ಮನೆಗೆ ಕಳಿಸಿತು. ಆಮೇಲೆ ಕೆಲವು ವರ್ಷ ಅವರನ್ನು ಯಾರೂ ಏನೂ ಕೇಳಲಿಲ್ಲ; ಮಳೆ ಬರುತ್ತದಾ ಎಂದು ಸಹ ಕೇಳಲಿಲ್ಲ, ಅದನ್ನು ಟೀವಿ ಹೇಳುತ್ತಿತ್ತು. ಹಾಗಿರುವಾಗ ಪಾರ್ಕಿನಲ್ಲಿ ಬೆಳಗ್ಗೆ ನಡೆಯುವವರ ಪೈಕಿ ಕೆಲವರು ಸೇರಿ ಒಂದು ವಿಜ್ಞಾನ ವೇದಿಕೆ ಮಾಡಿದರು. ಶಾಲೆಗಳಿಗೆ ಹೋಗಿ ಭೂಮಿಯ ಬಿಸಿಯ ಬಗ್ಗೆ ಮಾತಾಡಲು ಜನ ಬೇಕಿತ್ತು. ಬೋರಣ್ಣನವರು ಎರಡು ತರಬೇತಿಗೆ ಹೋಗಿ ಬಂದರು. "ನಾನು ಇಲ್ಲೇ ರಾಗಿ ಬೆಳೀತಿದ್ದೆ ಮಕ್ಕಳೇ, ಈಗ ಅದೇ ಜಾಗದಲ್ಲಿ ಬಾಡಿಗೆ ಬೆಳೀತೀನಿ" ಎಂದು ಶುರು ಮಾಡಿದರೆ ಇಡೀ ಶಾಲೆ ನಗುತ್ತಿತ್ತು. ಅಷ್ಟು ಜನ ಒಟ್ಟಿಗೆ ತಮ್ಮ ಕಡೆ ನೋಡುವುದು ಎಂಥದೆಂದು ಅವರಿಗೆ ಆವರೆಗೆ ಗೊತ್ತಿರಲಿಲ್ಲ.

ಈ ಭಾಷಣಗಳಲ್ಲೇ ಒಂದು ದಿನ ಹುಡುಗಿಯೊಬ್ಬಳು ಎದ್ದು ನಿಂತು, "ನೀವು ಏನು ಬಿಟ್ಟಿದೀರ ಅಂಕಲ್?" ಎಂದು ಕೇಳಿದ್ದಳು. ಫ್ರಿಜ್ಜು ನಿಂತದ್ದು ಹಾಗೆ.

ಫ್ರಿಜ್ಜು ರಸೀತಿಯ ಪ್ರಕಾರ ಬೋರಣ್ಣನವರದು. ಬಳಕೆಯಲ್ಲಿ ಅದು ಕಟ್ಟಡದ್ದು. ಅಡುಗೆಮನೆಯ ಹಿಂದಿನ ಚಿಕ್ಕ ಹಜಾರದಲ್ಲಿ, ಮಹಡಿಯ ಮೆಟ್ಟಿಲಿಗೆ ತೆರೆಯುವ ಬಾಗಿಲ ಪಕ್ಕ ಅದು ನಿಂತಿತ್ತು. ಮೊದಲನೆ ಮಹಡಿಯ ಪಾರವ್ವ ಬಾಗಲಕೋಟೆ ಕಡೆಯವಳು. ಗಂಡ ಹನಮಂತ ಕೊರಿಯರ್ ಆಫೀಸಿನಲ್ಲಿ. ಅವಳ ಹಾಲು, ಮೊಸರು, ಬೆಣ್ಣೆ ಮೇಲಿನ ಅರೆಯಲ್ಲಿ. ಎರಡನೆ ಮಹಡಿಯ ಮಧುಮತಿ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಅವಳ ದೋಸೆಹಿಟ್ಟಿನ ಡಬ್ಬಿ, ಬಾಳೆಲೆಯಲ್ಲಿ ಸುತ್ತಿದ ಮಲ್ಲಿಗೆ ನಡುವಿನ ಅರೆಯಲ್ಲಿ. ಟೆರೇಸಿನ ಒಂಟಿ ರೂಮಿನ ಚನ್ನವೀರನದು ಬಾಗಿಲಲ್ಲಿ ಒಂದು ನೀರಿನ ಬಾಟ್ಲಿ ಮಾತ್ರ. ಉಳಿದ ಜಾಗದಲ್ಲಿ ಮಂಗಮ್ಮ. ಅವರದು ಮಾಂಸ ತಿನ್ನುವ ಮನೆ, ಪಾರವ್ವ ಲಿಂಗ ಕಟ್ಟಿದವಳು. ಕೋಳಿ ತಂದ ದಿನ ಫ್ರಿಜ್ಜಿಗಿಡದೆ ಅಂದೇ ಮಾಡಿ ಅಂದೇ ಮುಗಿಸುವುದು ಮಂಗಮ್ಮ ತಾವಾಗಿ ಹಾಕಿಕೊಂಡ ಕಟ್ಟಳೆ. ಅದನ್ನವರು ಪಾರವ್ವನಿಗೆ ಹೇಳಿರಲಿಲ್ಲ. ಪಾರವ್ವನಿಗೆ ಗೊತ್ತಿತ್ತು.

ಹೀಗಾಗಿ ಹಿಂದಿನ ಬಾಗಿಲು ಹಾಲಿನವನು ಬಂದಾಗ ತೆರೆದರೆ ರಾತ್ರಿ ಊಟದವರೆಗೂ ಮುಚ್ಚುತ್ತಿರಲಿಲ್ಲ. ಪಾರವ್ವ ಹಾಲಿಗೆ ಬಂದವಳು ರೊಟ್ಟಿ ಬಡಿಯುವ ಹೊತ್ತಾಯಿತೆನ್ನುತ್ತಲೇ ಮೆಟ್ಟಿಲ ಮೇಲೆ ಕೂತು ಅತ್ತೆಯ ಸುದ್ದಿ ಮುಗಿಸಿಕೊಂಡು ಹೋಗುತ್ತಿದ್ದಳು. ಮಧುಮತಿ ಶಿಫ್ಟು ಮುಗಿಸಿ ಬಂದು, ಚಪ್ಪಲಿ ಬಿಡದೆ, ಹಿಟ್ಟಿನ ಡಬ್ಬಿ ಕೈಯಲ್ಲಿ ಹಿಡಿದೇ ಲ್ಯಾಬಿನ ಸೂಪರ್‌ವೈಸರನ್ನು ಬೈಯುತ್ತಿದ್ದಳು. ಚನ್ನವೀರ ನಿಂತಲ್ಲೇ ಬಾಟ್ಲಿ ಎತ್ತಿ ಗಟಗಟ ಕುಡಿದರೆ, "ಬಿಸಿಲಿಂದ ಬಂದು ತಣ್ಣೀರು ಕುಡೀಬೇಡ ಅಂತ ಎಷ್ಟು ಸಲ ಹೇಳ್ಲಿ ನಿಂಗೆ? ಮುದ್ದೆ ಇದೆ, ಕೂತ್ಕೊ" ಎಂದು ಮಂಗಮ್ಮ ಗದರುತ್ತಿದ್ದರು. ಅವನು ಕೂರುತ್ತಿದ್ದ.

ಆ ಭಾನುವಾರ ಬೋರಣ್ಣನವರು ಮೆಟ್ಟಿಲ ಬುಡದಲ್ಲಿ ನಿಂತು ಮೂವರನ್ನೂ ಕರೆದು, ವಿಷಯ ತಿಳಿಸಿ, ಅವರವರ ಸಾಮಾನು ಒಯ್ಯಲು ಹೇಳಿದರು.

ಪಾರವ್ವ ಸೆರಗಿನಲ್ಲಿ ಹಾಲಿನ ಪಾತ್ರೆ ಹಿಡಿದು, "ಭೂಮಿ ಬಿಸಿ ಆಗೇತೇನ್ರಿ?" ಎಂದಳು.

"ಆಗ್ತಾ ಇದೆಯಮ್ಮ. ಮನೆಮನೇಲೂ ಒಂದೊಂದು ತ್ಯಾಗ ಮಾಡ್ಬೇಕು."

"ಹೌದ್ರಿ, ಮಾಡ್ಬೇಕ್ರಿ" ಎಂದಳು ಪಾರವ್ವ. ಮಂಗಮ್ಮನವರ ಮುಖವನ್ನೊಮ್ಮೆ ನೋಡಿದಳು. ಮಂಗಮ್ಮ ಕರಗುತ್ತಿದ್ದ ಐಸಿನ ನೀರನ್ನು ಬಟ್ಟೆಯಿಂದ ಒರೆಸುತ್ತಿದ್ದರು, ತಲೆ ಎತ್ತಲಿಲ್ಲ. ಪಾರವ್ವ ಮೇಲೆ ಹೋದಳು.

ತ್ಯಾಗವನ್ನು ಮಾಡಿದವರು ಬೋರಣ್ಣನವರು. ಅದರ ಕೆಲಸ ಮಂಗಮ್ಮನವರದು. ಹಾಲನ್ನು ಹೊತ್ತಿಗೊಮ್ಮೆ ಕಾಯಿಸುವುದು, ಹೆಪ್ಪಾದ ಮೊಸರು ಮಧ್ಯಾಹ್ನಕ್ಕೆ ಹುಳಿಯಾಗುವ ಮೊದಲೇ ಮಜ್ಜಿಗೆ ಮಾಡುವುದು, ಹಿಟ್ಟಿನ ಪಾತ್ರೆಯನ್ನು ನೀರಿನ ಬೋಗುಣಿಯಲ್ಲಿ ಕೂರಿಸುವುದು, ರಾತ್ರಿಯ ಬಸ್ಸಾರು ಬೆಳಗ್ಗೆ ನೊರೆ ಎದ್ದಿದ್ದರೆ ಹಸುಗಳಿರುವ ಮನೆ ಹುಡುಕಿಕೊಂಡು ಹೋಗುವುದು. ಚಿಕ್ಕಲಸಂದ್ರದಲ್ಲಿ ಹಸುಗಳಿರುವ ಮನೆ ಆಗಲೇ ವಿರಳವಾಗಿತ್ತು.

ಒಂದು ರಾತ್ರಿ ಊಟಕ್ಕೆ ಕೂತಾಗ ಬೋರಣ್ಣನವರು ಮರುದಿನದ ಭಾಷಣವನ್ನು ಒಪ್ಪಿಸಿದರು. ಫ್ರಿಜ್ಜಿನ ಅನಿಲ ಆಕಾಶಕ್ಕೆ ತೂತು ಮಾಡುತ್ತದೆ, ಆ ತೂತಿನಿಂದ ಬಿಸಿಲು ಜಾಸ್ತಿ ಒಳಗೆ ಬರುತ್ತದೆ, ಆದ್ದರಿಂದ ಭೂಮಿ ಬಿಸಿ.

"ಅಪ್ಪಾ, ನೀವು ಎರಡು ಪಾಠ ಕಲಸಿಬಿಟ್ಟಿದೀರ" ಎಂದಳು ಸೌಮ್ಯ. "ಓಝೋನ್ ತೂತು ಬೇರೆ ಕಥೆ. ಇದು ಬಂದ ಬಿಸಿ ಆಚೆ ಹೋಗದೆ ಇರೋದು. ಕಂಬಳಿ ಹೊದ್ದ ಹಾಗೆ."

"ಕಂಬಳಿಗೆ ತೂತು ಬಿದ್ರೆ ತಂಪಾಗಬೇಕಲ್ಲ?" ಎಂದರು ಮಂಗಮ್ಮ, ಮುದ್ದೆ ಮುರಿಯುತ್ತ.

"ಅಮ್ಮಾ!"

"ಕೇಳ್ದೆ ಅಷ್ಟೇ. ಹಂಗಾದ್ರೆ ತೂತಿಗೂ ಬಿಸಿಗೂ ಸಂಬಂಧ ಇಲ್ಲ ಅಂದ್ಮೇಲೆ ಫ್ರಿಜ್ ಹಾಕ್ಬೋದಲ್ಲ?"

ಬೋರಣ್ಣನವರು ಮಗಳ ಕಡೆ ನೋಡಿದರು. ಸೌಮ್ಯ ಸತ್ಯವಂತೆ. "ಇಲ್ಲಮ್ಮ. ಕರೆಂಟಿಗೆ ಕಲ್ಲಿದ್ದಲು ಸುಡ್ತಾರಲ್ಲ, ಅದರ ಹೊಗೆನೇ ಕಂಬಳಿ. ಅಪ್ಪ ಹೇಳೋ ಕಾರಣ ತಪ್ಪು, ಮಾಡಿದ್ದು ಸರಿ."

"ನೋಡು!" ಎಂದರು ಬೋರಣ್ಣ.

"ನೋಡ್ದೆ" ಎಂದರು ಮಂಗಮ್ಮ. "ಇಬ್ಬರೂ ಸೇರಿ ನನ್ನ ಹಾಲು ಕಾಯಿಸೋಕೆ ಬರ್ತೀರಾ?"

ಇಬ್ಬರಿಗೂ ಬೆಳಗ್ಗೆ ಬೇಗ ಹೋಗುವುದಿತ್ತು.

ಮೇ ತಿಂಗಳು ಬಂತು. ಹಿಂದಿನ ಬಾಗಿಲನ್ನು ಮಂಗಮ್ಮ ಎಂದಿನಂತೆ ತೆರೆದಿಡುತ್ತಿದ್ದರು. ಅದರಿಂದ ಬಿಸಿಗಾಳಿ ಬರುತ್ತಿತ್ತು, ಬೆಕ್ಕು ಬರುತ್ತಿತ್ತು. ಮೆಟ್ಟಿಲ ಮೇಲೆ ಸಪ್ಪಳವಾದರೆ ಅವರು ಕೈಯ ಕೆಲಸ ಬಿಟ್ಟು ಬರುವಷ್ಟರಲ್ಲಿ ಸಪ್ಪಳ ಗೇಟಿನ ಹತ್ತಿರ ಇರುತ್ತಿತ್ತು. ಮಧ್ಯಾಹ್ನದ ಹೊತ್ತು ಮನೆಯಲ್ಲಿ ಮಾತೆಂದರೆ ಬೋರಣ್ಣನವರದೇ. ಅವರು ಚಾರ್ಟನ್ನು ಫ್ರಿಜ್ಜಿನ ಬಾಗಿಲಿಗೆ ಒರಗಿಸಿ, ಕೋಲು ಹಿಡಿದು ಅಭ್ಯಾಸ ಮಾಡುತ್ತಿದ್ದರು.

"ಮಾನ್ಯರೇ, ನಮ್ಮ ಮುಂದಿನ ಪೀಳಿಗೆಗೆ ನಾವು ಏನು ಉತ್ತರ ಕೊಡ್ತೀವಿ?"

"ಅದು ಏನಂತು?" ಎಂದರು ಒಳಗಿನಿಂದ ಮಂಗಮ್ಮ.

"ಯಾವ್ದು?"

"ಫ್ರಿಜ್ಜು. ಅದನ್ನೇ ಕೇಳ್ತಿದ್ರಲ್ಲ."

"ನೀನು ಬಂದು ಕೂತು ಕೇಳು, ಬೇಡ ಅಂದ್ನಾ?"

"ನಂಗೆ ಹೇಳೋ ಮಾತಾದ್ರೆ ನನ್ನ ಕಡೆ ತಿರುಗಿ ಹೇಳಿ."

ಬೋರಣ್ಣನವರು ಕೋಲು ಕೆಳಗಿಟ್ಟು ಪಾರ್ಕಿನ ಕಡೆ ಹೋದರು. ಆ ಬಿಸಿಲಲ್ಲಿ ಪಾರ್ಕಿನಲ್ಲಿಯೂ ಯಾರೂ ಇದ್ದಿರಲಾರರು.

ಒಂದು ಗುರುವಾರ ಪಾರವ್ವ ತಾನಾಗಿ ಇಳಿದು ಬಂದಳು. ಕೈಯಲ್ಲಿ ಕುಂಕುಮದ ಬಟ್ಟಲು. ಮಂಗಮ್ಮ ಮಣೆ ಹಾಕುವ ಮೊದಲೇ, "ಕೂಡಾಕ ಬಂದಿಲ್ರಿ ಅಕ್ಕಾರ, ಕರಿಯಾಕ ಬಂದೀನಿ. ಸಂಜೀಕ ಮ್ಯಾಲ ಬರ್ರಿ. ಫ್ರಿಜ್ ತಂದೇವ್ರಿ, ಕಂತಿನ ಮ್ಯಾಲ. ಸಣ್ಣ ಪೂಜಿ" ಎಂದಳು.

ಮಂಗಮ್ಮ ತೆಂಗಿನಕಾಯಿ ಹಿಡಿದು ಹೋದರು. ಹೊಸ ಫ್ರಿಜ್ಜಿಗೆ ವಿಭೂತಿ ಬಳಿದು, ಚೆಂಡುಹೂವಿನ ಹಾರ ಹಾಕಿ, ಪಾರವ್ವ ಆರತಿ ಎತ್ತಿದಳು. ಹನಮಂತ ಐಸು ಹಾಕಿದ ನಿಂಬೆ ಪಾನಕವನ್ನು ಸ್ಟೀಲ್ ಲೋಟದಲ್ಲಿ ತಂದು, "ತಗೋರಿ, ಮೊದಲ ನಿಮಗ" ಎಂದು ಎರಡೂ ಕೈಯಿಂದ ಕೊಟ್ಟ. ಮಂಗಮ್ಮನವರನ್ನು ಮನೆಯ ಒಂದೇ ಕುರ್ಚಿಯಲ್ಲಿ ಕೂರಿಸಿದ್ದರು. ಕೆಳಗೆ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತು ಮಾತಾಡುತ್ತಿದ್ದ ಪಾರವ್ವ ಇಲ್ಲಿ ಗೋಡೆಗೆ ನಿಂತೇ ಇದ್ದಳು. ಪಾನಕ ಮುಗಿದ ಮೇಲೆ ಇನ್ನೇನು ಮಾಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಮಂಗಮ್ಮ ಅರಿಶಿನ ಕುಂಕುಮ ತೆಗೆದುಕೊಂಡು ಇಳಿದು ಬಂದರು.

ಮುಂದಿನ ವಾರ ಮಧುಮತಿ ತಂದಳು. ಚನ್ನವೀರ ಆಫೀಸಿನ ಗೆಳೆಯನೊಬ್ಬ ಊರು ಬಿಡುವಾಗ ಮಾರಿದ ಹಳೆಯದೊಂದನ್ನು ಹೊತ್ತು ತಂದ. ಅದು ರಾತ್ರಿಯೆಲ್ಲ ಟ್ರ್ಯಾಕ್ಟರಿನಂತೆ ಸದ್ದು ಮಾಡುತ್ತದೆಂದು ಸೌಮ್ಯ ವರದಿ ಮಾಡಿದಳು.

"ಅಪ್ಪಂಗೆ ಹೇಳಲ್ವಾ ಅಮ್ಮ?"

"ಕಣ್ಣಿಲ್ವಾ ಅವ್ರಿಗೆ? ಮೆಟ್ಟಿಲ ಮೇಲೇ ಹೊತ್ಕೊಂಡು ಹೋದ್ರು."

ಬೋರಣ್ಣನವರಿಗೆ ಕಣ್ಣಿತ್ತು. ಹನಮಂತ ಮೆಟ್ಟಿಲ ಕೆಳಗೆ ಬಿಟ್ಟಿದ್ದ ದೊಡ್ಡ ರಟ್ಟಿನ ಪೆಟ್ಟಿಗೆ ಅವರ ಕಣ್ಣಿಗೆ ಬಿದ್ದಿತ್ತು. ಅಂಥ ಗಟ್ಟಿ ರಟ್ಟು ಪೇಟೆಯಲ್ಲಿ ಸಿಗುವುದಿಲ್ಲ. ಅದನ್ನು ಕತ್ತರಿಸಿ, ಒಂದು ಮುಖಕ್ಕೆ ಬಿಳಿ ಹಾಳೆ ಅಂಟಿಸಿ, ಬಿಸಿ ಏರುತ್ತಿರುವ ಗೆರೆಯನ್ನು ಕೆಂಪು ಬಣ್ಣದಲ್ಲಿ ಎಳೆದರು. ಬಹಳ ಚೆನ್ನಾಗಿ ಬಂದಿತ್ತು. ಮಳೆಗಾಲಕ್ಕೆ ಮುಂಚೆ ಜೆ.ಪಿ. ನಗರದ ಸಭಾಂಗಣದಲ್ಲಿ ವೇದಿಕೆಯವರು ಸಾರ್ವಜನಿಕ ಚರ್ಚೆ ಇಟ್ಟುಕೊಂಡಿದ್ದರು: "ಭೂಮಿಯ ಬಿಸಿ — ತಡೆಯುವುದೋ, ತಾಳಿಕೊಳ್ಳುವುದೋ?" ತಡೆಯುವ ಪಕ್ಷಕ್ಕೆ ಬೋರಣ್ಣ. ತಾಳಿಕೊಳ್ಳುವ ಪಕ್ಷಕ್ಕೆ ಗಂಗಾಧರಯ್ಯ ಎಂಬ ನಿವೃತ್ತ ಎಂಜಿನಿಯರು.

"ನೀವೆಲ್ಲ ಬರ್ಬೇಕು" ಎಂದು ಬೋರಣ್ಣನವರು ಬಾಡಿಗೆಯವರಿಗೆಲ್ಲ ಹೇಳಿದರು. ಮಾಲೀಕರು ಬರಬೇಕೆಂದರೆ ಬರಬೇಕು. ಹನಮಂತ ಇಸ್ತ್ರಿ ಮಾಡಿದ ಅಂಗಿ ಹಾಕಿ ಮೂರನೇ ಸಾಲಿನಲ್ಲಿ ಕೂತ. ಸೌಮ್ಯ ಹಿಂದೆ ನಿಂತಳು. ಮಂಗಮ್ಮ ಬರಲಿಲ್ಲ, ಹಾಲು ಕಾಯಿಸುವುದಿತ್ತು.

ಗಂಗಾಧರಯ್ಯನವರು ಮೊದಲು ಮಾತಾಡಿದರು. ಬಿಸಿ ಆಗಲೇ ಬಂದಾಗಿದೆ, ಅಕ್ಕಪಕ್ಕ ನೆರಳಿನ ಮರ ಹಾಕಿ, ಟೆರೇಸಿಗೆ ಸುಣ್ಣ ಬಳಿಯಿರಿ, ಮಳೆನೀರು ಇಂಗಿಸಿ, ಒಂಟಿ ಮುದುಕರಿರುವ ಮನೆಗೆ ಬೇಸಿಗೆಯಲ್ಲಿ ದಿನಕ್ಕೊಮ್ಮೆ ಹೋಗಿ ನೋಡಿಕೊಂಡು ಬನ್ನಿ ಎಂದರು. ಚಪ್ಪಾಳೆ ಮಿತವಾಗಿತ್ತು. ಆಮೇಲೆ ಬೋರಣ್ಣನವರು ರಾಗಿ ಮತ್ತು ಬಾಡಿಗೆಯ ಮಾತಿನಿಂದ ಶುರು ಮಾಡಿ, ಕಂಬಳಿಯ ಹೋಲಿಕೆಯನ್ನು ತಪ್ಪಿಲ್ಲದೆ ಹೇಳಿ, ಕೊನೆಗೆ ಕೋಲನ್ನು ಕೆಂಪು ಗೆರೆಯ ತುದಿಗಿಟ್ಟು, "ನಮ್ಮ ಮನೇಲಿ ಈ ಬೇಸಿಗೆ ಪೂರ್ತಿ ಫ್ರಿಜ್ ಹಾಕಿಲ್ಲ!" ಎಂದರು. ಸಭಾಂಗಣ ಎದ್ದು ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನ ಹೆಂಗಸೊಬ್ಬರು, "ಮನೆಯವರು ಒಪ್ಪಿದ್ರಾ?" ಎಂದು ಪಕ್ಕದವರನ್ನು ಕೇಳಿದರು.

ವೇದಿಕೆಯ ಮೇಲೆ ಆ ರಟ್ಟಿನ ಬೋರ್ಡಿನ ಹಿಂದುಗಡೆ ಕೂತಿದ್ದ ಗಂಗಾಧರಯ್ಯನವರು ಮೈಕು ಕೇಳಿ ತೆಗೆದುಕೊಂಡರು. "ಬೋರಣ್ಣನವರೇ, ಬಹಳ ಸಂತೋಷ. ಆದ್ರೆ ನಿಮ್ಮ ಬೋರ್ಡಿನ ಹಿಂದೆ ಫ್ರಿಜ್ಜಿನ ಚಿತ್ರ ಇದೆಯಲ್ಲ ಸ್ವಾಮಿ. ಹೊಸಾ ಮಾಡಲ್ಲು. ಯಾರದು?"

ಜನ ನಕ್ಕರು. ಬೋರಣ್ಣನವರು ಬೋರ್ಡನ್ನು ತಿರುಗಿಸಿ ನೋಡಿದರು. "ನಮ್ದಲ್ಲ ಇದು. ಪೆಟ್ಟಿಗೆ ಸಿಕ್ತು. ನಮ್ಮ ಬಾಡಿಗೆಯವರು ಇಲ್ಲೇ ಇದಾರೆ, ಕೇಳಿ. ಹನಮಂತಪ್ಪಾ, ಹೇಳಿ ಇವ್ರಿಗೆ, ನಮ್ಮನೇಲಿ ಫ್ರಿಜ್ ಇದೆಯಾ?"

ಹನಮಂತ ಎದ್ದು ನಿಂತ. ಸುಳ್ಳು ಹೇಳುವ ಜಾತಿಯವನಲ್ಲ. ಅದೂ ಮೈಕಿನ ಮುಂದೆ. "ನಿಮ್ಮ ಮನ್ಯಾಗ ಬಂದ್ ಐತ್ರಿ."

"ನೋಡಿ!"

"ಅದು ಬಂದ್ ಆತಲ್ರಿ, ಅದಕ್ಕ ನಾವ ಒಂದ ತಗೊಂಡ್ವಿ. ಈ ಪೆಟಗಿ ನಮ್ದ ರೀ. ಮ್ಯಾಲಿನ ಮೇಡಮ್ಮಾರೂ ತಗೊಂಡ್ರು. ಚನ್ನವೀರನೂ ತಂದಾನ. ಮೊದಲ ಎಲ್ಲಾರೂ ನಿಮ್ದರಾಗ ಇಡ್ತಿದ್ವಿ." ಇಷ್ಟು ಹೇಳಿ, ಬೇರೆ ಏನಾದರೂ ಹೇಳಬೇಕೇನೋ ಎಂಬಂತೆ ಸುತ್ತ ನೋಡಿ, ಕೂತ.

ನಗು ಹಿಂದಿನ ಸಾಲಿನಿಂದ ಎದ್ದು ಮುಂದಕ್ಕೆ ಬಂತು. ಗಂಗಾಧರಯ್ಯನವರು ಮಾತ್ರ ನಗಲಿಲ್ಲ. ಮೈಕನ್ನು ಮೆಲ್ಲಗೆ ಕೆಳಗಿಟ್ಟರು.

ಮನೆಗೆ ಬಂದಾಗ ಬೋರಣ್ಣನವರ ಕಂಕುಳಲ್ಲಿ ವೇದಿಕೆಯವರು ಕೊಟ್ಟ ಶಾಲು ಇತ್ತು.

"ನಿಂಗೆ ಗೊತ್ತಿತ್ತಾ?"

"ಎರಡು ಪೂಜೆಗೂ ಹೋಗಿದ್ದೆ" ಎಂದರು ಮಂಗಮ್ಮ. "ಚನ್ನವೀರ ಪೂಜೆ ಮಾಡ್ಲಿಲ್ಲ."

"ಒಂದು ಮಾತು ಹೇಳ್ಬಾರ್ದಾ?"

"ಒಂದು ಮಾತು ಕೇಳಿದ್ರಾ?"

"ಅಲ್ಲ ಕಣೇ, ನಮ್ಮನೆ ಫ್ರಿಜ್ ನಿಲ್ಸಿದ್ರೆ ಅವ್ರು ಯಾಕೆ ತಗೋಬೇಕು? ಹಾಲು ಮೊಸರು ಇಲ್ಲಿ ಇಡ್ತಿದ್ರು ಅಂತ ಗೊತ್ತಿತ್ತು. ಅಷ್ಟೊಂದು ಅಂತ..."

"ಅಪ್ಪಾ, ನಾಲ್ಕು ಮನೆಗೆ ಒಂದೇ ಫ್ರಿಜ್" ಎಂದಳು ಸೌಮ್ಯ. "ಸ್ಟೇಜ್ ಮೇಲೆ ನೀವು ಹೇಳ್ಬೇಕಾಗಿದ್ದೇ ಅದು. ನಂಗೂ ಹೊಳೀಲಿಲ್ಲ."

"ನಂಗೆ ಭೂಮಿ ಗೀಮಿ ತಿಳಿಯಲ್ಲ" ಎಂದರು ಮಂಗಮ್ಮ. ಧ್ವನಿ ಏರಿರಲಿಲ್ಲ, ಅವರು ಅಕ್ಕಿ ಆರಿಸುತ್ತಿದ್ದರು. "ಹಾಲು ಒಡೆದ್ರೆ ಒಡೀಲಿ. ಕಾಯಿಸ್ತೀನಿ, ಅದೇನು ದೊಡ್ಡದಲ್ಲ. ಜನ ಬರ್ತಿದ್ರು ರೀ. ಬೆಳಗಿಂದ ಸಂಜೆ ತನಕ ಯಾರಾದ್ರೂ ಒಬ್ರು ಬರ್ತಿದ್ರು. ನೀವು ಸ್ಕೂಲ್ ಸ್ಕೂಲಿಗೆ ಹೋಗ್ತೀರ, ಇವ್ಳು ಕಾಲೇಜಿಗೆ ಹೋಗ್ತಾಳೆ. ನಾನು ಎಲ್ಲಿಗೆ ಹೋಗ್ಲಿ?"

ಬೋರಣ್ಣನವರು ಶಾಲನ್ನು ಮೊಳೆಗೆ ಹಾಕಿದರು. ಹಿಂದಿನ ಹಜಾರಕ್ಕೆ ಹೋಗಿ ವೈರಿನ ಸುರುಳಿ ಬಿಚ್ಚಿ ಪ್ಲಗ್ಗು ಸಿಕ್ಕಿಸಿದರು. ಫ್ರಿಜ್ಜು ಒಮ್ಮೆ ನಡುಗಿ, ಗುಂಯ್ ಎಂದಿತು.

ಮರುದಿನ ಮಂಗಮ್ಮ ಬೇಗ ಎದ್ದು ಫ್ರಿಜ್ಜನ್ನು ಸೋಡಾ ಹಾಕಿ ತೊಳೆದರು. ಮೇಲಿನ ಅರೆಯನ್ನೂ ನಡುವಿನ ಅರೆಯನ್ನೂ ಖಾಲಿ ಬಿಟ್ಟು, ತಮ್ಮ ಹಾಲನ್ನು ಕೆಳಗಿಟ್ಟರು. ಪಾರವ್ವ ಹಾಲಿನ ಪ್ಯಾಕೆಟ್ಟಿಗೆ ಗೇಟಿನವರೆಗೆ ಇಳಿದಾಗ ಕರೆದರು.

"ಪಾರವ್ವಾ, ಫ್ರಿಜ್ ಹಾಕಿದೀವಿ. ನಿನ್ನದು ಚಿಕ್ಕದಲ್ವಾ, ಹಿಡೀದೆ ಇದ್ರೆ ಇಲ್ಲಿ ತಂದಿಡು."

"ಬ್ಯಾಡ್ರಿ ಅಕ್ಕಾರ. ನಮ್ದ ಸಾಕಷ್ಟು ಐತ್ರಿ. ಮೊದಲ ಭಾಳ ತ್ರಾಸ ಕೊಟ್ಟೇವಿ ನಿಮಗ."

"ತ್ರಾಸ ಏನಮ್ಮ?"

"ಹೊತ್ತ ಗೊತ್ತ ಇಲ್ದ ಬರ್ತಿದ್ವಿ. ನಮಗೂ ತಿಳೀಬೇಕಿತ್ತ್ರಿ." ಪಾರವ್ವ ಪ್ಯಾಕೆಟ್ಟನ್ನು ಕೈಯಿಂದ ಕೈಗೆ ಬದಲಿಸಿದಳು. "ಮಾಲಕರು ಬರಬ್ಯಾಡ ಅಂತ ಮಾರಿ ಮುಂದ ಹೇಳೂದಿಲ್ರಿ, ಏನರ ಒಂದ ನೆವ ತಗೀತಾರ. ಭೂಮಿ ಬಿಸಿ ಅಂದ್ರು ನಿಮ್ಮ ಯಜಮಾನ್ರು. ನಮ್ಮವ್ರು ಅವತ್ತ ಅಂದ್ರು, ಪಾರೂ, ಇನ್ನ ಇಳೀಬ್ಯಾಡ ಅಂತ."

"ನೆವ ಅಲ್ಲ ಕಣಮ್ಮ! ಅವ್ರಿಗೆ ನಿಜವಾಗ್ಲೂ ಭೂಮಿ ಚಿಂತೆ. ಅದು ನಿಜವಂತೆ, ಸೌಮ್ಯನೂ ಹೇಳ್ತಾಳೆ."

ಪಾರವ್ವ ನಕ್ಕಳು. ದೊಡ್ಡವರ ಮಾನ ಉಳಿಸುವ ನಗು. "ಇರ್ಲಿ ಬಿಡ್ರಿ ಅಕ್ಕಾರ. ನಾವೇನ ಸಿಟ್ಟ ಮಾಡ್ಕೊಂಡಿಲ್ಲ. ಬರ್ತೀನ್ರಿ, ರೊಟ್ಟಿ ಹೊತ್ತಾತು."

ಮಂಗಮ್ಮ ಮಧುಮತಿಗೂ ಹೇಳಿ ನೋಡಿದರು. "ಅಯ್ಯೋ, ಪರವಾಗಿಲ್ಲ ಆಂಟಿ, ಥ್ಯಾಂಕ್ಸ್" ಎಂದಳು ಅವಳು, ಮೆಟ್ಟಿಲು ಹತ್ತುತ್ತಲೇ. ಚನ್ನವೀರ ಹೆಲ್ಮೆಟ್ ತೆಗೆಯದೆ, "ಊಟ ಆತ್ರಿ?" ಎಂದು ಕೇಳಿ, ಉತ್ತರ ಬರುವ ಮೊದಲೇ ಮಹಡಿ ತಲುಪಿದ್ದ.

ಜೂನ್‌ನಲ್ಲಿ ಮಳೆ ಹಿಡಿಯಿತು. ಬೋರಣ್ಣನವರು ಭಾಷಣಕ್ಕೆ ಹೋಗುವುದನ್ನು ನಿಲ್ಲಿಸಲಿಲ್ಲ. ಹೊಸ ರಟ್ಟು ಕೊಂಡರು, ಫ್ರಿಜ್ಜಿನ ಮಾತು ಬಿಟ್ಟು ಬಸ್ಸಿನಲ್ಲಿ ಓಡಾಡಿ ಎಂದು ಹೇಳತೊಡಗಿದರು. ಗಂಗಾಧರಯ್ಯನವರು ಸಿಕ್ಕಾಗ ಇಬ್ಬರೂ ಪಾರ್ಕಿನಲ್ಲಿ ಒಂದು ಸುತ್ತು ಜೊತೆಗೆ ನಡೆಯುತ್ತಾರೆ.

ಆ ಕಟ್ಟಡದಲ್ಲಿ ಈಗ ನಾಲ್ಕು ಫ್ರಿಜ್ಜುಗಳಿವೆ. ಕೆಳಗಿನದರಲ್ಲಿ ಒಂದು ಪಾತ್ರೆ ಹಾಲು, ಒಂದು ಬಟ್ಟಲು ಮೊಸರು ಇರುತ್ತವೆ. ಹಿಂದಿನ ಬಾಗಿಲಿಗೆ ಹಗಲೂ ಚಿಲಕ ಹಾಕಿರುತ್ತದೆ.